ಆಚೆ ಬದಿಯ ಹೂವು

೧೯೫೪ ಜೂನ್ ೬, ಭಾನುವಾರ

ನಾಲ್ಕನೇ ತರಗತಿಯ ಹುಡುಗಿಯರ ಕಾಪಿ ಬರಹಕ್ಕೆಂದು ತಂದಿಟ್ಟ ಪುಸ್ತಕ ಇದು. ಇದರಲ್ಲಿ ನನ್ನ ಗೋಳು ಬರೆಯಲು ಕೂತಿದ್ದೇನೆ. ಯಾರ ಹತ್ತಿರ ಹೇಳಲಿ? ಇವರ ಹತ್ತಿರ ಹೇಳಿದರೆ "ನಮ್ಮವ್ವ" ಎಂದು ಕಣ್ಣು ತುಂಬಿಕೊಳ್ಳುತ್ತಾರೆ. ಪಕ್ಕದ ಮನೆಯ ಹುಸೇನಮ್ಮನ ಹತ್ತಿರ ಹೇಳಿದರೆ ಸಂಜೆಯೊಳಗೆ ಆದವಾನಿಯ ಹತ್ತಿ ಮಾರುಕಟ್ಟೆಗೆಲ್ಲ ಗೊತ್ತಾಗುತ್ತದೆ.

ಮುದುಕಿ ಗುರುವಾರ ಬೆಳಿಗ್ಗೆ ಬಿದ್ದಳು. ಮುದುಕಿ ಎಂದರೆ ನನ್ನ ಅತ್ತೆ ಉಚ್ಚಮ್ಮ. ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ, ನೀರು ತುಸು ಹೆಚ್ಚಾಯಿತು. "ಸಾಲಿ ಕಲಿತ ದಡ್ಡಿ!" ಎಂದಳು. ಈ ಮನೆಗೆ ಬಂದ ಆರು ವರ್ಷಗಳಲ್ಲಿ ನನ್ನನ್ನು ಹುಲುಗಮ್ಮ ಎಂದು ಕರೆದದ್ದಕ್ಕಿಂತ ದಡ್ಡಿ ಎಂದು ಕರೆದದ್ದೇ ಹೆಚ್ಚು. ಓಣಿಗೆಲ್ಲ ನಾನು ಶಾಲೆಯ ಅಕ್ಕೋರು. ಹೋದ ವರ್ಷ ನಮ್ಮ ತಾಲೂಕು ಆಂಧ್ರಕ್ಕೆ ಸೇರಿದ ಮೇಲೆ ತೆಲುಗಿನಲ್ಲಿ ಪಂತುಲಮ್ಮ. ಇವಳೊಬ್ಬಳಿಗೆ ಮಾತ್ರ ದಡ್ಡಿ. ಹಿಟ್ಟನ್ನು ಕುಕ್ಕುತ್ತ ಮನಸ್ಸಿನಲ್ಲೇ, "ಬೀರಪ್ಪಾ, ಈ ಬಾಯಿ ಒಂದು ದಿನವಾದರೂ ಮುಚ್ಚಿಸೋ" ಎಂದೆ. ಬೆನ್ನ ಹಿಂದೆ ದಬ್ಬೆಂದು ಸದ್ದಾಯಿತು.

ಮನೆದೇವರು ಬೀರಪ್ಪ ಇಷ್ಟು ಚುರುಕಾಗಿ ಯಾರ ಮಾತನ್ನೂ ನಡೆಸಿಕೊಟ್ಟವನಲ್ಲ. ನಾನು ಕೇಳಿದ್ದೂ ಒಂದೇ ದಿನಕ್ಕೆ.

ಲಕ್ವಾ ಎಂದರು ಡಾಕ್ಟರಮ್ಮ. ಬಲಗೈ, ಬಲಗಾಲು, ಮಾತು ಮೂರೂ ಹೋಗಿವೆ. ತಿಳಿವಳಿಕೆ ಎಷ್ಟು ಉಳಿದಿದೆಯೋ ಹೇಳಲಾಗದಂತೆ. ಬೇಕಾದರೆ ಬಳ್ಳಾರಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ನೋಡಿಕೊಳ್ಳುವವರಿದ್ದರೆ ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. "ನೋಡಿಕೊಳ್ಳುವವರಿದ್ದರೆ" ಎನ್ನುವಾಗ ನನ್ನ ಮುಖವನ್ನೇ ನೋಡಿದರು. ಇವರು ಹತ್ತಿ ಬಿಡಿಸುವ ಜಿನ್ನಿನ ಗಿರಣಿಯಲ್ಲಿ ಎಂಜಿನ್ ನೋಡುವವರು, ಬೆಳಿಗ್ಗೆ ಆರಕ್ಕೆ ಹೋದರೆ ಸಂಜೆ ಆರಕ್ಕೆ ಬರುತ್ತಾರೆ. ಹದಿನಾಲ್ಕಕ್ಕೆ ನನ್ನ ಶಾಲೆ ತೆರೆಯುತ್ತದೆ. ನಾನು ಕೆಲಸ ಬಿಡುವವಳಲ್ಲ. ಇಲ್ಲಿ ಬರೆದಿಟ್ಟಿದ್ದೇನೆ.

ಜೂನ್ ೧೦, ಗುರುವಾರ

ಇವತ್ತು ಮುದುಕಿಗೆ ಒಬ್ಬಳೇ ಮೈ ತೊಳೆದೆ. ಹುಸೇನಮ್ಮ ಜೊತೆಗೆ ಬರುತ್ತೇನೆಂದವಳು ಬರಲಿಲ್ಲ. ಒದ್ದೆ ಬಟ್ಟೆ ಹಿಡಿದು ಹೇಸಿಕೊಂಡೇ ಶುರು ಮಾಡಿದೆ. ಎಡ ತೊಡೆಯ ಮೇಲೆ ಅಂಗೈಯಗಲ ಹಳೆಯ ಗಾಯದ ಕಲೆ ಕಂಡಿತು. ಅಲ್ಲಿ ಮಾಂಸವೇ ಇಲ್ಲ, ಚರ್ಮ ಒಳಕ್ಕೆ ಎಳೆದುಕೊಂಡಿದೆ.

ಇವರು ಬಂದ ಮೇಲೆ ಕೇಳಿದೆ. "ಅದಾ? ತ್ವಾಳ ಕಚ್ಚಿದ್ದು. ನಾ ಇನ್ನಾ ಹೊಟ್ಯಾಗಿದ್ದೆನಂತ. ಕುರಿ ಹಟ್ಟ್ಯಾಗ ಅವ್ವ ಒಬ್ಬಾಕೇ ಇದ್ಲು. ತೊಡೀಗೆ ಬಾಯಿ ಹಾಕ್ತಲ್ಲ, ಕಂಬಳಿ ಕೈಗೆ ಸುತ್ತಿಕೊಂಡು ಅದರ ಗಂಟಲ ತನಕ ತುರುಕಿಬಿಟ್ಲಂತ. ತ್ವಾಳ ಸತ್ತೇ ಹೋತು."

"ಇಷ್ಟು ದಿನ ಯಾಕ ಹೇಳಲಿಲ್ಲ?"

"ನೀ ಕೇಳಲೇ ಇಲ್ಲಲ್ಲ."

ಹೊಟ್ಟೆಯಲ್ಲಿ ಕೂಸು, ತೊಡೆಯಲ್ಲಿ ತೋಳದ ಹಲ್ಲು! ನಾನಾಗಿದ್ದರೆ ಕುರಿಯೇನು, ಉಟ್ಟ ಸೀರೆಯನ್ನೂ ಬಿಟ್ಟು ಓಡುತ್ತಿದ್ದೆ. ಆರು ವರ್ಷ ಆ ತೊಡೆಯ ಪಕ್ಕದಲ್ಲೇ ಕೂತು ಜೋಳ ಹಸನು ಮಾಡಿದ್ದೇನೆ. ಇನ್ನೊಮ್ಮೆ ಹೋಗಿ ಸೆರಗು ಸರಿಮಾಡುವ ನೆವದಲ್ಲಿ ಆ ಕಲೆಯನ್ನು ಮುಟ್ಟಿ ಬಂದೆ.

ಜೂನ್ ೧೬, ಬುಧವಾರ

ಜುಲೈ ಕೊನೆಯ ತನಕ ಸಂಬಳವಿಲ್ಲದ ರಜೆ ಸಿಕ್ಕಿದೆ. ಅಷ್ಟರೊಳಗೆ ಏನಾದರೂ ಒಂದು ಏರ್ಪಾಟು ಆಗಲೇಬೇಕು.

ಚಿಪ್ಪಗಿರಿಯಿಂದ ಬಸವಕ್ಕ ಬಂದಿದ್ದಾಳೆ. ಇವರ ಅಕ್ಕ. ಗಂಡ ಮಕ್ಕಳೊಂದಿಗೆ ಇವತ್ತಿಗೂ ಕುರಿ ಸಾಕಿಕೊಂಡಿರುವವಳು. ಅತ್ತೆಯೂ ಎಂಟು ವರ್ಷದ ಹಿಂದಿನವರೆಗೆ ಅದೇ ಬದುಕಿನವಳು. ಮಾವ ತೀರಿಕೊಂಡ ಮೇಲೆ ಇವರು ಹಿಂಡನ್ನು ಮಾರಿ, ತಾಯಿಯನ್ನು ಇಲ್ಲಿಗೆ ಕರೆದುಕೊಂಡು ಬಂದು ಜಿನ್ನಿಗೆ ಸೇರಿದರು.

"ಭೀಮಲಿಂಗಾ, ಅವ್ವನ್ನ ನಾ ಕರ್ಕೊಂಡು ಹೊಕ್ಕೀನಿ," ಎಂದಳು ಬಸವಕ್ಕ, ಕೈಕಾಲು ತೊಳೆಯುವ ಮೊದಲೇ. "ನಮ್ಮನ್ಯಾಗ ಅಂಗಳ ಐತಿ, ಮಂದಿ ಅದಾರ. ಈ ಕ್ವಾಣ್ಯಾಗ ಏನೈತಿ?"

"ಮಗ ಸತ್ತಾನೇನು?" ಇವರ ದನಿ ಏರಿತು. "ಮಗ ಇದ್ದೂ ತಾಯಿ ಮಗಳ ಮನೀ ಕೂಳು ತಿಂದ್ಲು ಅಂದ್ರ ನಮ್ಮ ಮಂದಿ ನನ್ನ ಮುಖಕ್ಕ ಉಗುಳ್ತಾರ. ನಾಳೆ ಅಲ್ಲೇ ಏನರ ಆತಂದ್ರ? ಸಾಯೋದು ಮಗಳ ಮನ್ಯಾಗೇನು?"

"ಹಂಗಾರ ನಿನ್ ಹೇಣ್ತಿ ಸಾಲಿ ಬಿಡ್ತಾಳೇನು ಕೇಳು."

ಇಬ್ಬರೂ ನನ್ನ ಕಡೆ ನೋಡಿದರು. ಒಲೆಯ ಬೆಂಕಿ ಊದುವುದಕ್ಕೆ ಬಗ್ಗಿದೆ. ಒಳಗೊಳಗೇ ನಾನು ಬಸವಕ್ಕನ ಪಕ್ಷ, ಆದರೆ ಬಾಯಿ ಬಿಟ್ಟರೆ ಸೊಸೆಯೇ ಅಟ್ಟಿದಳು ಎಂಬ ಮಾತು ತಲೆಗೆ ಕಟ್ಟುತ್ತದೆ. ಕೊನೆಗೆ ಬಳ್ಳಾರಿಯ ಆಸ್ಪತ್ರೆಯಲ್ಲಿ ಇಡುವುದೆಂದಾಯಿತು.

ಇಷ್ಟೂ ಜಗಳ ನಡೆದದ್ದು ಮುದುಕಿಯ ನುಲಿ ಮಂಚದ ಆ ಕಡೆ ಈ ಕಡೆ ನಿಂತು. ಅವಳು ಜಂತೆ ನೋಡುತ್ತ ಮಲಗಿದ್ದಳು. ಪಾಪ, ಅವಳಿಗೇನು ತಿಳಿಯುತ್ತದೆ.

ಜೂನ್ ೨೩, ಬುಧವಾರ

ಬಳ್ಳಾರಿಗೆ ಹೋಗಿ ವಾಪಸ್ಸೂ ಬಂದದ್ದಾಯಿತು. ಆಸ್ಪತ್ರೆಯವರ ತಪ್ಪೇನೂ ಇಲ್ಲ. ಹಾಸಿಗೆ ಕೊಟ್ಟರು, ನರ್ಸಮ್ಮ ಒಳ್ಳೆಯವಳು, ನನಗೂ ಪಕ್ಕದಲ್ಲಿ ಚಾಪೆ ಹಾಕಿಕೊಟ್ಟಳು. ಡಾಕ್ಟರು ಉಗುರಿನಿಂದ ಅಂಗಾಲು ಗೀರಿ ನೋಡಿ, ಇನ್ನು ಔಷಧಿಗಿಂತ ಕೈಕಾಲು ಆಡಿಸುವುದು, ತಿಕ್ಕುವುದು, ಹೊಟ್ಟೆಗೆ ಕೊಡುವುದು ಮುಖ್ಯ ಎಂದರು. ಮುದುಕಿ ಹೊಟ್ಟೆಗೆ ತೆಗೆದುಕೊಂಡರೆ ತಾನೇ! ಮೂರು ದಿನ ಹಲ್ಲು ಕಚ್ಚಿಕೊಂಡು ಮಲಗಿದಳು. ಹಾಲು, ಗಂಜಿ, ಏನು ಇಟ್ಟರೂ ತುಟಿ ಬಿಚ್ಚಲಿಲ್ಲ. ಗಂಟಲು ಕಟ್ಟಿದೆಯೇನೋ ಎಂದು ಡಾಕ್ಟರಿಗೂ ಅನುಮಾನ. "ಮನೆಯಲ್ಲಿ ಪ್ರಯತ್ನಿಸಿ" ಎಂದು ಕಳಿಸಿದರು.

ಗುಂತಕಲ್ಲಿನಲ್ಲಿ ಗಾಡಿ ಬದಲಾಯಿಸುವಾಗ ನನಗೆ ಹಸಿವು ತಡೆಯಲಾಗದೆ ಮಂಡಕ್ಕಿಯ ಉಗ್ಗಾಣಿ ತೆಗೆದುಕೊಂಡೆ. ಎಲೆ ಬಿಚ್ಚಿದ್ದೇ ತಡ, ಎಡಗೈ ಬಂತು. ನನ್ನ ಎಲೆಯಿಂದ ಒಂದೊಂದೇ ತುತ್ತು ಎತ್ತಿ, ಸೊಟ್ಟ ಬಾಯಲ್ಲೇ ಅಗಿದು, ನಿಧಾನವಾಗಿ ಎಲ್ಲ ಮುಗಿಸಿದಳು. ಒಂದು ಮಂಡಕ್ಕಿಯೂ ಕೆಳಗೆ ಬೀಳಲಿಲ್ಲ. ಇವರು ನಗಬೇಕೋ ಅಳಬೇಕೋ ತಿಳಿಯದೆ ಇನ್ನೊಂದು ಎಲೆ ತರಲು ಓಡಿದರು.

ಗಂಟಲು ಕಟ್ಟಿರಲಿಲ್ಲ. ಹಾಗಾದರೆ ಮೂರು ದಿನ ಅದೇನು? ಮೂರು ದಿನ ಉಪವಾಸ ಇರುವ ಹಟ ಈ ಮುರಿದ ಮೈಯ ಯಾವ ಮೂಲೆಯಲ್ಲಿದೆ?

ಜೂನ್ ೨೮, ಸೋಮವಾರ

"ಪಾರಿವಾಳದ ಬಿಸಿ ರಕ್ತ ತಿಕ್ಕಿದ್ರ ಲಕ್ವಾ ಇಳಿತೈತಿ ಭೀಮಲಿಂಗಾ, ನಮ್ ಚಿಕ್ಕಪ್ಪ ಅದರಾಗೇ ನಯಮಾಗಿ ಎದ್ದು ಓಡಾಡ್ತಾನ," ಎಂದು ಹುಸೇನಮ್ಮ ಇವರ ಕಿವಿ ಕಚ್ಚಿದ್ದಳು. ಇವರು ಕೋಟೆಗುಡ್ಡದ ಕಡೆಯಿಂದ ಒಂದು ಪಾರಿವಾಳ ಹಿಡಿಸಿ ತಂದು, ಕಾಲಿಗೆ ದಾರ ಬಿಗಿದು ಮಂಚದ ಕಾಲಿಗೆ ಕಟ್ಟಿ, ಸಂಜೆ ಬಂದು ಕುಯ್ಯುತ್ತೇನೆಂದು ಕೆಲಸಕ್ಕೆ ಹೋದರು.

ನೀರು ತರಲು ಹೋಗಿ ಬರುವಷ್ಟರಲ್ಲಿ ದಾರ ಮುದುಕಿಯ ಎದೆಯ ಮೇಲಿತ್ತು. ಪಾರಿವಾಳ ಎದುರು ಮನೆಯ ಮಾಳಿಗೆಯ ಮೇಲೆ. ಅವಳು ಅದನ್ನೇ ನೋಡುತ್ತಿದ್ದಳು.

ದಾರ ಹರಿದಿರಲಿಲ್ಲ, ಗಂಟು ಬಿಚ್ಚಿತ್ತು. ಎಂಜಿನಿನವರ ಗಂಟು ಎಂದರೆ ಸುಮ್ಮನೆಯೇ? ಅದೇ ದಾರಕ್ಕೆ ಅಂಥದೇ ಗಂಟು ಹಾಕಿ, ಎಡಗೈ ಒಂದರಲ್ಲೇ ಬಿಚ್ಚಲು ನೋಡಿದೆ. ಆಗಲಿಲ್ಲ. ಹಲ್ಲು ಹಚ್ಚಿದೆ. ಆಗಲಿಲ್ಲ. ಅರ್ಧ ಗಂಟೆ ಅದರಲ್ಲೇ ಹೋಯಿತು, ಅನ್ನ ಸೀದಿತು.

ಸಂಜೆ ಇವರಿಗೆ, "ನೀವು ಸರಿಯಾಗಿ ಕಟ್ಟಿರಲಿಲ್ಲ" ಎಂದೆ. ಇವರು ತಲೆ ಕೆರೆದುಕೊಂಡರು. ಅತ್ತೆ ನನ್ನನ್ನೇ ನೋಡಿದಳು. ನಾನೂ ನೋಡಿದೆ.

ಜುಲೈ ೬, ಮಂಗಳವಾರ

ಬೆಳಿಗ್ಗೆ ಎಣ್ಣೆ ತಿಕ್ಕಿ ಕೈಕಾಲು ಆಡಿಸುವುದು. ಒಂಬತ್ತಕ್ಕೆ ಗಂಜಿ. ಮಗ್ಗುಲು ಬದಲಿಸುವುದು. ಮಧ್ಯಾಹ್ನ ಗೋಡೆಗೊರಗಿಸಿ ಕೂರಿಸುವುದು. ಟೈಂಟೇಬಲ್ಲು ಶಾಲೆಗಿಂತ ಬಿಗಿಯಾಗಿದೆ. ಬೆನ್ನ ಮೇಲೆ ಒಂದು ಹುಣ್ಣೂ ಆಗಲು ಬಿಟ್ಟಿಲ್ಲ, ಡಾಕ್ಟರಮ್ಮ ನೋಡಿ, "ಯಾರು ಕಲಿಸಿದರು ನಿಮಗೆ?" ಎಂದರು. ಯಾರು ಕಲಿಸುತ್ತಾರೆ.

ಇವತ್ತು ಅಟ್ಟದ ಮೇಲಿನ ಹಳೆಯ ಉಣ್ಣೆಯ ಗಂಟಿಗೆ ನುಸಿ ಬಿದ್ದಿದೆಯೇ ನೋಡಲು ಇಳಿಸಿದ್ದೆ. ಅದರೊಳಗೆ ಅತ್ತೆಯ ಕದಿರು ಇತ್ತು, ಉಣ್ಣೆ ನೂಲುವ ಕಡ್ಡಿ. ಅತ್ತೆ ಕೈ ಚಾಚಿದಳು, ಕೊಟ್ಟೆ. ಏನು ಮಾಡುತ್ತಾಳೆ ಒಂದೇ ಕೈಯಲ್ಲಿ ಎಂದು ಸುಮ್ಮನೆ ಕೊಟ್ಟದ್ದು.

ಉಣ್ಣೆಯನ್ನು ಎಡಗಾಲಿನ ಬೆರಳ ಸಂದಿಗೆ ಸಿಕ್ಕಿಸಿಕೊಂಡಳು. ಎಡಗೈಯಿಂದ ಕದಿರು ತಿರುವಿ ಬಿಟ್ಟಳು, ಬಿಟ್ಟ ಕೈಯಿಂದಲೇ ಎಳೆ ಎಳೆದಳು. ಹರಿಯಿತು. ಮತ್ತೆ ಸೇರಿಸಿದಳು. ಹರಿಯಿತು. ಎಷ್ಟು ಸಲವೋ! ನಾನು ಕೈಯಲ್ಲಿ ಪೊರಕೆ ಹಿಡಿದು ನಿಂತವಳು ಕಸ ಗುಡಿಸುವುದನ್ನೇ ಮರೆತೆ. ಸಂಜೆ ಇವರು ಬರುವ ಹೊತ್ತಿಗೆ ಮೊಳದುದ್ದ ನೂಲು ಆಗಿತ್ತು. ಗಂಟುಗಂಟು, ದಪ್ಪ ಸಣ್ಣ, ಆದರೆ ನೂಲು ನೂಲೇ. ಅದನ್ನು ಅಳೆದು ನೋಡಿದೆ, ಒಂದು ಮೊಳ ನಾಲ್ಕು ಬೆರಳು. ನಲವತ್ತು ಹುಡುಗಿಯರಿಗೆ ಅ ಆ ಇ ಈ ತಿದ್ದಿಸಿದ್ದೇನೆ, ಇಂಥ ವಿದ್ಯಾರ್ಥಿಯನ್ನು ಕಂಡಿಲ್ಲ.

ಜುಲೈ ೧೪, ಬುಧವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಮ್ಮ ಓಣಿಯಲ್ಲೇ ಮಾರೆಣ್ಣ ದಿನಾ ಬೆಳಿಗ್ಗೆ ಕುರಿ ಹೊಡೆದುಕೊಂಡು ಗುಡ್ಡದ ಕಡೆ ಹೋಗುತ್ತಾನೆ, ಸಂಜೆ ಬರುತ್ತಾನೆ. ಕುರಿ ಬರುವ ಹೊತ್ತಿಗೆ ಅತ್ತೆ ಬಾಗಿಲ ಕಡೆ ಮುಖ ತಿರುಗಿಸುವುದನ್ನು ಕಂಡು, ವಾರದಿಂದ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಅವಳನ್ನು ಹೊಸ್ತಿಲ ಬಳಿಯೇ ಕೂರಿಸುತ್ತಿದ್ದೆ. ಅವು ಹಾದುಹೋಗುವಾಗ ಅವಳ ಎಡಗೈ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಓಡಾಡುತ್ತದೆ. ಲಕ್ವಾದ ನಡುಕ ಎಂದುಕೊಂಡಿದ್ದೆ.

ಇವತ್ತು ಸಂಜೆ ಹಿಂಡು ದಾಟಿತು. ಅತ್ತೆ ಊಂ ಊಂ ಎಂದು ಕೂಗಲು ಶುರುಮಾಡಿದಳು. ಕೂಗು ಎಂದರೆ ಎದೆಯಾಳದಿಂದ. ಕೈಯಿಂದ ಬಾಗಿಲು ಬಡಿದಳು. ನನಗೆ ಎರಡನೇ ಸಲ ಲಕ್ವಾ ಹೊಡೆಯಿತೆಂದೇ ಗಾಬರಿ. ಮಾರೆಣ್ಣ ತಿರುಗಿ ಬಂದ. ಅತ್ತೆ ಕುರಿಗಳ ಕಡೆ ತೋರಿಸಿದಳು, ಗುಡ್ಡದ ಕಡೆ ತೋರಿಸಿದಳು, ಒಂದು ಬೆರಳು ಎತ್ತಿದಳು.

ಮಾರೆಣ್ಣನ ಮುಖ ಬಿಳಿಚಿತು. ಓಡಿಹೋಗಿ ಎಣಿಸಿದ. "ಒಂದು ಕಮ್ಮಿ ಐತವ್ವಾ! ಕುಂಟು ಕರೇದು ಇಲ್ಲ!" ಎಂದವನೇ ಕಂಬಳಿ ಎಸೆದು ಗುಡ್ಡಕ್ಕೆ ಓಡಿದ. ದೀಪ ಹಚ್ಚುವ ಹೊತ್ತಿಗೆ ಕರಿ ಕುರಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ; ಜಾಲಿ ಮುಳ್ಳಿನಲ್ಲಿ ಸಿಕ್ಕಿಕೊಂಡಿತ್ತಂತೆ. ಅತ್ತೆಯ ಕಾಲಿಗೆ ಬಿದ್ದ. "ಅರವತ್ಮೂರು ಕುರಿ. ನಾ ಕುರಿ ಮಾಲೀಕ, ನಾ ನೋಡಲಿಲ್ಲ. ಈಕಿ ಹೆಂಗ ನೋಡಿದ್ಲು?"

ಹೇಗೆ ನೋಡಿದಳು! ಬೆಳಿಗ್ಗೆ ಎಣಿಸಿದ್ದಾಳೆ, ದಿನವಿಡೀ ನೆನಪಿಟ್ಟುಕೊಂಡಿದ್ದಾಳೆ, ಸಂಜೆ ತಾಳೆ ನೋಡಿದ್ದಾಳೆ. ಅದು ನಡುಕವಲ್ಲ.

ಜುಲೈ ೧೫

ಹಾಗಾದರೆ ಎಲ್ಲ ಕೇಳಿಸಿಕೊಂಡಿದ್ದಾಳೆ. ಮಂಚದ ಆ ಕಡೆ ಈ ಕಡೆ ನಿಂತು ಆಡಿದ್ದೆಲ್ಲ. "ಸಾಯೋದು ಮಗಳ ಮನ್ಯಾಗೇನು" ಎಂದದ್ದನ್ನೂ. ನಾನು ಹುಸೇನಮ್ಮನ ಹತ್ತಿರ "ನನ್ನ ಕೊರಳಿಗೆ ಬಿತ್ತು" ಎಂದದ್ದನ್ನೂ. ನಲವತ್ತು ದಿನ.

ಗಂಜಿ ಕೊಡುವಾಗ ತಲೆ ಎತ್ತಲಾಗಲಿಲ್ಲ.

ಜುಲೈ ೨೦, ಮಂಗಳವಾರ

ಶಾಲೆಯಿಂದ ಕಾಗದ ಬಂದಿದೆ. ಆಗಸ್ಟ್ ೨, ಸೋಮವಾರ ಹಾಜರಾಗದಿದ್ದರೆ ಬೇರೆಯವರನ್ನು ನೇಮಿಸುತ್ತಾರಂತೆ. ಬಸವಕ್ಕ ಮತ್ತೆ ಬಂದಿದ್ದಾಳೆ. ಈ ಸಲ ನಾನೇ ಅವರಿಬ್ಬರನ್ನೂ ಹಿತ್ತಿಲಿಗೆ ಕರೆದುಕೊಂಡು ಹೋಗಿ ಮಾತಾಡಿಸಿದೆ.

"ಇನ್ನೇನು ಉಳಿದೈತಿ ಮಾತಾಡಾಕ? ಬಂಡಿ ಕಟ್ಟಿಸು," ಎಂದಳು ಬಸವಕ್ಕ.

"ಬಂಡೀನೂ ಬ್ಯಾಡ, ಏನೂ ಬ್ಯಾಡ. ನಾ ಬದುಕಿರೋ ತನಕ ಅವ್ವ ಇಲ್ಲೇ," ಎಂದರು ಇವರು.

ಇವರ ಜೊತೆ ನಾನೂ, "ಇಲ್ಲೇ ಇರಲಿ ಅಕ್ಕಾ, ನಾನು ರಾಜೀನಾಮೆ ಬರೆದುಕೊಡುತ್ತೇನೆ" ಎಂದುಬಿಟ್ಟೆ. ಬಾಯಿಂದ ಹೇಗೆ ಬಂತೋ! ಇವರು ನನ್ನನ್ನು ಪಿಳಿಪಿಳಿ ನೋಡಿದರು. ಬಸವಕ್ಕ, "ನಿನಗ ಹುಚ್ಚು ಹಿಡದೈತೇನು?" ಎಂದಳು. ಹಿಡಿದಿರಬಹುದು. ಅಲ್ಲಿ ಚಿಪ್ಪಗಿರಿಯಲ್ಲಿ ಅವಳ ಬಲಗೈಯನ್ನು ದಿನಾ ಯಾರು ಆಡಿಸುತ್ತಾರೆ? ಮಗ್ಗುಲು ಬದಲಿಸುವುದು ಯಾರಿಗೆ ನೆನಪಿರುತ್ತದೆ? ಇಂಥದ್ದೆಲ್ಲ ಇವರಿಗೆ ಗೊತ್ತಾಗುವುದಿಲ್ಲ.

ಅತ್ತೆಯನ್ನೇ ಕೇಳೋಣ ಎಂದೆ. ಇಬ್ಬರೂ ಒಪ್ಪಲಿಲ್ಲ. ತಾಯಿಯನ್ನು "ಯಾವ ಮನೆ ಬೇಕು" ಎಂದು ಕೇಳಿ, ಅವಳು ಮಗನನ್ನು ಬೇಡ ಅಂದರೆ ಆ ಮಾತು ಸಾಯುವ ತನಕ ಉಳಿಯುತ್ತದೆ ಎಂದು ಇವರ ಹೆದರಿಕೆ. ಕೊನೆಗೆ ಬೀರಪ್ಪನಲ್ಲಿ ಹೂ ಕೇಳುವುದೆಂದು ತೀರ್ಮಾನವಾಯಿತು. ದೇವರು ಹೇಳಿದರೆ ಮಗನಿಗೂ ಅವಮಾನವಿಲ್ಲ, ಮಗಳಿಗೂ ಇಲ್ಲ.

ಜುಲೈ ೨೫, ಭಾನುವಾರ

ಬೆಳಿಗ್ಗೆಯೇ ಅತ್ತೆಯನ್ನು ಬಂಡಿಯಲ್ಲಿ ಊರಾಚೆಯ ಬೀರಪ್ಪನ ಗುಡಿಗೆ ಕರೆದುಕೊಂಡು ಹೋದೆವು. ಗುಡಿ ಎಂದರೆ ನಾಲ್ಕು ಕಲ್ಲುಕಂಬ, ಒಳಗೆ ಮೊಣಕಾಲೆತ್ತರದ ಕಲ್ಲು. ಪೂಜಾರಿ ಯರ್ರೆಪ್ಪ ಅತ್ತೆಗಿಂತ ಹಿರಿಯ, ಕಣ್ಣು ಮಂಜು. ಅತ್ತೆಯನ್ನು ದೇವರ ಎದುರಿಗೇ, ಒಂದು ಮಾರು ದೂರದಲ್ಲಿ ಕೂರಿಸಲು ಹೇಳಿದ.

ಹೂ ಕೇಳುವುದು ನಮ್ಮಲ್ಲಿ ಹೀಗೆ: ಒದ್ದೆ ಹೂವನ್ನು ದೇವರ ಎರಡೂ ಭುಜಕ್ಕೆ ಅಂಟಿಸಿ, ಯಾವುದು ಮೊದಲು ಬೀಳುತ್ತದೋ ಕಾಯುವುದು. ಯರ್ರೆಪ್ಪ ಎರಡು ಕಣಗಿಲೆ ಅಂಟಿಸಿದ. ಗುಡಿಗೆಲ್ಲ ಕೇಳುವಂತೆ ಕೂಗಿದ: "ಬೀರಪ್ಪಾ, ಬಿಳೇ ಹೂವು ಮಗನ ಮನಿ, ಕೆಂಪು ಹೂವು ಮಗಳ ಮನಿ. ಉಚ್ಚಮ್ಮ ಎಲ್ಲಿ ಇರಬೇಕು, ನೀನೇ ಹೇಳಪ್ಪಾ." ಬಿಳಿ ಹೂವು ಅತ್ತೆಯ ಎಡಗೈಗೆ ಹತ್ತಿರ. ಕೆಂಪು ಹೂವು ದೇವರ ಆಚೆ ಬದಿ.

ಕಾದೆವು. ಹೂವು ಅಲುಗಲಿಲ್ಲ. ಇವರು ಕಣ್ಣು ಮುಚ್ಚಿ ಕೈ ಮುಗಿದಿದ್ದರು. ಬಸವಕ್ಕನ ತುಟಿ ಆಡುತ್ತಿತ್ತು. ನಾನು ಬಿಳಿ ಹೂವಿನ ಮೇಲೆ ಕಣ್ಣಿಟ್ಟು, ಬೀಳು ಬೀಳು ಎಂದು ಬೇಡಿಕೊಳ್ಳುತ್ತಿದ್ದೆ. ಬಿದ್ದರೆ ನನ್ನ ಶಾಲೆ ಮುಗಿದಂತೆ ಎಂಬುದು ಆ ಹೊತ್ತಿಗೆ ತಲೆಯಲ್ಲೇ ಇರಲಿಲ್ಲ. ಬಿಸಿಲು ಕಂಬದಿಂದ ಕಂಬಕ್ಕೆ ಬಂತು. ಹೂವು ಒಣಗತೊಡಗಿದವು.

ಆಗ ಅತ್ತೆ ಮುಂದಕ್ಕೆ ಬಾಗಿದಳು. ಬೀಳುತ್ತಾಳೆಂದು ಹಿಡಿಯಲು ಹೋದೆ, ಮೊಣಕೈಯಿಂದ ನನ್ನನ್ನು ತಳ್ಳಿದಳು. ಎಡಗೈ ನೆಲಕ್ಕೂರಿ, ಸತ್ತ ಬಲಗಾಲನ್ನು ಎಳೆದುಕೊಂಡು, ದೇವರ ಕಲ್ಲಿನವರೆಗೆ ತೆವಳಿದಳು. ಕೈ ಎತ್ತಿದಳು. ಆ ಕೈ ಬಿಳಿ ಹೂವಿನ ಮುಂದೆಯೇ ಹಾದು, ಅದನ್ನು ಮುಟ್ಟದೆ, ಬೀರಪ್ಪನನ್ನು ಬಳಸಿ ಆಚೆ ಬದಿಗೆ ಹೋಗಿ ಕೆಂಪು ಹೂವನ್ನು ಕಿತ್ತಿತು. ಕಿತ್ತ ಹೂವನ್ನು ತನ್ನ ಮಡಿಲಲ್ಲಿ ಹಾಕಿಕೊಂಡು, ಕಲ್ಲಿಗೇ ಒರಗಿ ಕೂತಳು.

ನನ್ನ ಮೈಮೇಲಿನ ಕೂದಲೆಲ್ಲ ಎದ್ದು ನಿಂತವು. ದೇವರನ್ನು ಮುಟ್ಟಿದಳಲ್ಲ ಎಂದಲ್ಲ. ನಾವೆಲ್ಲ ಕಲ್ಲು ಏನು ಹೇಳುತ್ತದೋ ಎಂದು ಕಾಯುತ್ತಿದ್ದಾಗ ಇವಳು ಹೇಳಿಬಿಟ್ಟಳು.

ಇವರು ಮೊದಲು ಬಾಯಿ ತೆರೆದರು. "ಯರ್ರೆಪ್ಪ ತಾತಾ, ಇದು ಬಿದ್ದದ್ದಲ್ಲ, ಕಿತ್ತದ್ದು. ಇದು ಲೆಕ್ಕಕ್ಕಿಲ್ಲ."

ಯರ್ರೆಪ್ಪ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. "ಗಾಳಿ ಬಂದು ಹೂ ಬಿದ್ರೂ ಅಪ್ಪಣೆ ಅಂತೀವಿ. ಹಲ್ಲಿ ಓಡಾಡಿ ಬಿದ್ರೂ ಅಪ್ಪಣೆ ಅಂತೀವಿ. ಗಾಳೀಗಿಂತ, ಹಲ್ಲೀಗಿಂತ ಈ ತಾಯಿ ಕೈ ಕಡಿಮೀ ಏನಪಾ?" ಎಂದು, ತಟ್ಟೆಯಿಂದ ಅರಿಸಿನದ ಭಂಡಾರ ತೆಗೆದು ಅತ್ತೆಯ ಹಣೆಗೆ ಹಚ್ಚಿದ.

ಇವರು ಅಲ್ಲೇ ಕುಸಿದು ಕೂತು ಅತ್ತರು. ಅತ್ತೆ ಎಡಗೈಯನ್ನು ಮಗನ ತಲೆಯ ಮೇಲಿಟ್ಟಳು. ತುಂಬಾ ಹೊತ್ತು ಇಟ್ಟಿದ್ದಳು. ಆದರೆ ಹೂವನ್ನು ಮಾತ್ರ ವಾಪಸ್ಸು ಇಡಲಿಲ್ಲ.

ಜುಲೈ ೨೮, ಬುಧವಾರ

ಹೋದಳು. ರೈಲಿನಲ್ಲಿ ನಂಚೆರ್ಲದ ತನಕ, ಅಲ್ಲಿಂದ ಬಂಡಿ. ಇವರು ಬಿಟ್ಟುಬರಲು ಹೋಗಿದ್ದಾರೆ. ಎಣ್ಣೆ ಯಾವಾಗ ತಿಕ್ಕಬೇಕು, ಕೈ ಹೇಗೆ ಆಡಿಸಬೇಕು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಬಸವಕ್ಕನಿಗೆ ಕೊಟ್ಟೆ. ಅವಳಿಗೆ ಓದು ಬಾರದು ಎಂಬುದು ಗಾಡಿ ಹೊರಟ ಮೇಲೆ ನೆನಪಾಯಿತು.

ಅತ್ತೆ ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ.

ಆಗಸ್ಟ್ ೨, ಸೋಮವಾರ

ಶಾಲೆ. ಹಾಜರಿ ಹಾಕಿದೆ. ಮನೆಗೆ ಬಂದು ಸಂಜೆ ಕುರಿ ಹಾದುಹೋಗುವಾಗ ಹೊಸ್ತಿಲಲ್ಲಿ ಕೂತು ಎಣಿಸಿದೆ. ಐವತ್ತೆಂಟು ಬಂತು. ಮಾರೆಣ್ಣ ನಕ್ಕ. "ಅರವತ್ಮೂರೂ ಅದಾವ ಪಂತುಲಮ್ಮಾ."

ಆಗಸ್ಟ್ ೨೨, ಭಾನುವಾರ

ನನಗಾಗಿಯೇ ಹೋದಳು. ಇದು ಈಗ ನನಗೆ ಸ್ಪಷ್ಟವಾಗಿದೆ. ನಾನು ರಾಜೀನಾಮೆ ಎಂದದ್ದು ಹಿತ್ತಿಲಿನಿಂದಲೂ ಅವಳಿಗೆ ಕೇಳಿಸಿರಬೇಕು. ನನ್ನ ಕೆಲಸ ಉಳಿಯಲೆಂದು ಮಗನ ಮನೆಯನ್ನೇ ಬಿಟ್ಟುಕೊಟ್ಟಳು. ಹುಸೇನಮ್ಮನಿಗೆ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ದೇವತಾ ಪಂತುಲಮ್ಮಾ, ದೇವತಾ" ಎಂದಳು. ಆರು ವರ್ಷ ನಾನು ಎಂಥವಳನ್ನು ಏನೆಂದುಕೊಂಡಿದ್ದೆ!

ಹೋಗಿ ಕಾಲಿಗೆ ಬೀಳಬೇಕು. ದಸರೆ ರಜೆಗೆ ಹೋಗುತ್ತೇನೆ.

ಅಕ್ಟೋಬರ್ ೯, ಶನಿವಾರ. ಚಿಪ್ಪಗಿರಿ

ಬಸವಕ್ಕನ ಜಗುಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಪುಸ್ತಕಕ್ಕೂ ಕುರಿ ವಾಸನೆ ಹತ್ತಿದೆ.

ಬಂಡಿ ಇಳಿದಾಗ ಅಂಗಳದ ತುಂಬ ಕುರಿ ಮರಿಗಳು. ಈಯುವ ಕಾಲ ಇದು. ನಡುವೆ ಗೋಣಿಚೀಲದ ಮೇಲೆ, ಬೆನ್ನಿಗೆ ಮೇವಿನ ಕಟ್ಟು ಒತ್ತು ಕೊಟ್ಟುಕೊಂಡು ಅತ್ತೆ ಕೂತಿದ್ದಳು. ಮೈ ತುಂಬಿಕೊಂಡಿದ್ದಾಳೆ. ತೊಡೆಯ ಸಂದಿಯಲ್ಲಿ ಒಂದು ಮರಿ. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಗಂಟಲಿಗೆ ಬಂತು. ಕಾಲಿಗೆ ಬಿದ್ದೆ. ಅವಳು ಕಾಲು ಸರಿಸಿದಳು, ಮರಿಗೆ ಅಡ್ಡವಾಗಿದ್ದೆನಂತೆ.

"ಬಂದ ಮರುದಿನಾನೇ ಹಿಂಡಿನ ಕಡೆ ತೆವಳಿಕೊಂಡು ಹೋದ್ಲು," ಎಂದಳು ಬಸವಕ್ಕ. "ಆವತ್ತಿಂದ ಅಂಗಳದ ಯಜಮಾನಿ ಈಕೀನೇ. ಯಾವುದು ಇವತ್ತು ಈಯ್ತದ, ಯಾವ ಮರಿ ಹಾಲು ಕುಡಿದಿಲ್ಲ, ಎಲ್ಲಾ ಈಕಿ ಬೆರಳಾಗ ಐತಿ. ಹಬ್ಬದ ದಿನಾನೂ ಒಳಗ ಬರಲಿಲ್ಲ. ಆದವಾನ್ಯಾಗ ನೀವೆಲ್ಲಾ ಆಕೀನ್ನ ಚಂದ ನೋಡಿಕೊಂಡ್ರಿ ಹುಲುಗಮ್ಮಾ, ಸುಳ್ಳಲ್ಲ. ಆದ್ರ ಇಲ್ಲಿ ಆಕಿ ನೋಡಿಕೊಳ್ಳೋದೈತಲ್ಲ."

ನನಗಾಗಿ ಅಲ್ಲ! ಮಗನಿಗಾಗಿ ಅಲ್ಲ, ಮಗಳಿಗಾಗಿಯೂ ಅಲ್ಲ. ಬೀರಪ್ಪನನ್ನು ಬಳಸಿ ಹೋದ ಆ ಕೈ ಚಾಚಿದ್ದು ಇದಕ್ಕೆ. ಒಂದು ಗಳಿಗೆ ನನಗೆ ಸಿಟ್ಟೇ ಬಂತು. ಎರಡು ತಿಂಗಳು ಕಣ್ಣೀರು ಹಾಕಿದ್ದೇನಲ್ಲ ದಂಡಕ್ಕೆ! ಆಮೇಲೆ ಅವಳ ಎಡಗೈಯನ್ನು ನೋಡುತ್ತ ನಿಂತೆ, ಸಿಟ್ಟು ಎಲ್ಲಿ ಹೋಯಿತೋ.

ಒಂದು ಕುರಿಯ ಮರಿ ಸತ್ತಿತ್ತು. ತೊಡೆಯ ಸಂದಿಯಲ್ಲಿದ್ದ ಮರಿಗೆ ತಾಯಿ ಇಲ್ಲ. ಆ ಕುರಿಗೆ ಈ ಮರಿಯನ್ನು ಕೂಡಿಸಬೇಕು, ಕುರಿ ಒಪ್ಪುತ್ತಿಲ್ಲ, ಹತ್ತಿರ ಬಂದರೆ ಹಾಯುತ್ತದೆ. ಅತ್ತೆ ಸುತ್ತ ನೋಡಿದಳು. ಬಸವಕ್ಕನ ಕೈಯಲ್ಲಿ ನೀರಿನ ಕೊಡ. ನನ್ನನ್ನು ನೋಡಿದಳು. ಗದ್ದದಿಂದ ಕುರಿಯ ಕೊರಳು ತೋರಿಸಿದಳು.

"ಇಡಿ," ಎಂದಳು.

ಹಿಡಿ ಎಂದದ್ದು. ಸೊಟ್ಟ ಬಾಯಿಂದ, ದಪ್ಪ ನಾಲಗೆಯಿಂದ, ಆದರೆ ಮಾತು! ಬಸವಕ್ಕ ಅಲ್ಲಿಂದಲೇ, "ಹೋದ ವಾರದಿಂದ ಎರಡು ಮಾತು ಬಂದಾವ. ಹಿಡಿ, ಬಿಡು. ಅವೂ ಕುರಿ ಮುಂದ ಅಷ್ಟೇ. ಎಷ್ಟು ತಿಪ್ಪರಲಾಗ ಹಾಕಿದ್ರೂ ಮೂರನೇದು ಬರಲೊಲ್ದು," ಎಂದಳು.

ಕುರಿಯ ಕೊರಳನ್ನು ಎರಡೂ ಕೈಯಿಂದ ಅಪ್ಪಿ ಹಿಡಿದೆ. ಅವ್ವ ಅದರ ಕೆಚ್ಚಲಿಗೆ ಕೈ ಹಾಕಿ ಹಾಲು ಹಿಂಡಿಕೊಂಡಳು. ಆ ಹಾಲನ್ನು ಮರಿಯ ಬೆನ್ನಿಗೆ, ಬಾಲಕ್ಕೆ, ಮೂತಿಗೆ ಸವರಿದಳು. ಮತ್ತೆ ಹಿಂಡಿದಳು, ಮತ್ತೆ ಸವರಿದಳು. ಮರಿಯನ್ನು ಕುರಿಯ ಮೂಗಿನ ಕೆಳಗೆ ನೂಕಿದಳು. ಕುರಿ ತಲೆ ಕೊಡವಿತು. ಮೂಸಿತು. ಇನ್ನೊಮ್ಮೆ ಮೂಸಿತು. ತನ್ನದೇ ಹಾಲಿನ ವಾಸನೆ. ನಾಲಗೆ ಹೊರಗೆ ಬಂತು, ಮರಿಯ ಬೆನ್ನನ್ನು ನೆಕ್ಕತೊಡಗಿತು. ನನ್ನ ತೋಳೊಳಗೇ ಅದರ ಮೈಯ ಬಿಗುವು ಸಡಿಲಾದದ್ದು ನನಗೆ ತಿಳಿಯಿತು.

"ಬಿಡು," ಎಂದಳು ಅವ್ವ.

ನನಗೆ ಕೇಳಿಸಿತ್ತು. ಆದರೆ ಇನ್ನೊಂದು ಸಲ ಕೇಳಬೇಕೆನಿಸಿತು. ಹಿಡಿದುಕೊಂಡೇ ಇದ್ದೆ.

"ಬಿಡು."

ಬಿಡಲಿಲ್ಲ. ಅವ್ವ ತಲೆ ಎತ್ತಿ ನನ್ನನ್ನು ದುರುಗುಟ್ಟಿ ನೋಡಿದಳು. ಸೊಟ್ಟ ತುಟಿ ಅದುರಿತು. ಗಂಟಲ ನರ ಉಬ್ಬಿತು. ಏನೋ ಒಂದನ್ನು ಎದೆಯ ತಳದಿಂದ ಎತ್ತಿ ಎತ್ತಿ ಮೇಲೆ ತರುತ್ತಿದ್ದಳು.

"ದ... ದಡ್ಡಿ!"

ಬಸವಕ್ಕನ ಕೈಯಿಂದ ಕೊಡ ಜಾರಿ ಅಂಗಳವೆಲ್ಲ ನೀರಾಯಿತು.

ಆಗ ಬಿಟ್ಟೆ.